ಹಳೇ ಲಿನಕ್ಸ್ ಡೆಸ್ಕ್‌ಟಾಪ್: ಮೌಸ್ ಬಾಣ ಓಡಾಡುತ್ತದೆ, ಉಳಿದದ್ದೆಲ್ಲ ಕಲ್ಲಾಗಿ ನಿಲ್ಲುತ್ತದೆ

ಅಡಿಕೆತೋಟ:

ಎಲ್ಲರಿಗೂ ನಮಸ್ಕಾರ. ಇಲ್ಲಿ ಓದಲು ಶುರು ಮಾಡಿ ಎರಡು ವರ್ಷ ಆಯ್ತು, ಬರೆಯುತ್ತಿರುವುದು ಇದೇ ಮೊದಲು. ಅರ್ಧಂಬರ್ಧ ಹೇಳಿ ಸಹಾಯ ಕೇಳಿದರೆ ನಿಮಗೂ ಕಷ್ಟ ಅಲ್ವಾ, ಅದಕ್ಕೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ನಮ್ಮದು ಸಾಗರದ ಹತ್ತಿರದ ಹಳ್ಳಿ. ಮನೆಯಲ್ಲಿ 2010ರಲ್ಲಿ ಜೋಡಿಸಿದ ಡೆಸ್ಕ್‌ಟಾಪ್ ಇದೆ. ಕೋರ್ 2 ಡ್ಯುಯೋ ಪ್ರೊಸೆಸರ್, ಜಿ41 ಮದರ್‌ಬೋರ್ಡ್, 4 ಜಿಬಿ ರ‍್ಯಾಮ್, ಆಮೇಲೆ ಹಾಕಿಸಿದ ಜಿಫೋರ್ಸ್ 210 ಗ್ರಾಫಿಕ್ಸ್ ಕಾರ್ಡ್. ಈಗ ಅದರಲ್ಲಿ ಇರುವುದು ಲಿನಕ್ಸ್ ಮಿಂಟ್ 21.3, ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್. ತೋಟದ ಲೆಕ್ಕ, ಮಗಳ ಓದು, ಊರಿನ ಸಂಘದ ಪತ್ರಗಳು ಎಲ್ಲ ಇದರಲ್ಲೇ.

ಒಂದು ತಿಂಗಳಿಂದ ಕಾಟ ಶುರುವಾಗಿದೆ. ವಿಡಿಯೋ ನೋಡುತ್ತಿರುವಾಗಲೋ, ಬ್ರೌಸರ್‌ನಲ್ಲಿ ಉದ್ದದ ಪುಟ ಕೆಳಗೆ ಎಳೆಯುವಾಗಲೋ ಪರದೆ ಇದ್ದ ಹಾಗೇ ನಿಲ್ಲುತ್ತದೆ. ಹಾಡು ಬರುತ್ತಿದ್ದರೆ ಅದು ಇನ್ನೂ ಸ್ವಲ್ಪ ಹೊತ್ತು ಬರುತ್ತಲೇ ಇರುತ್ತದೆ. ಮೌಸ್ ಬಾಣ ಚೆನ್ನಾಗಿ ಓಡಾಡುತ್ತದೆ, ಆದರೆ ಎಲ್ಲಿ ಒತ್ತಿದರೂ ಏನೂ ಆಗುವುದಿಲ್ಲ. ಕೀಬೋರ್ಡ್ ಪೂರ್ತಿ ಸತ್ತ ಹಾಗೆ. ಕ್ಯಾಪ್ಸ್ ಲಾಕ್ ಒತ್ತಿದರೆ ದೀಪವೂ ಹತ್ತುವುದಿಲ್ಲ. ಕಂಟ್ರೋಲ್+ಆಲ್ಟ್+ಎಫ್3 ಒತ್ತಿದರೆ ಕಪ್ಪು ಪರದೆ ಬರಬೇಕು ಅಂತ ಓದಿದ್ದೆ, ಅದೂ ಬರಲಿಲ್ಲ. ಕೊನೆಗೆ ಪ್ರತಿ ಸಲ ಪವರ್ ಬಟನ್ ಒತ್ತಿ ಹಿಡಿದು ಆರಿಸುತ್ತೇನೆ. ಹೋದ ವಾರ ಹಾಗೆ ಮಾಡಿದಾಗ ಸಂಘದ ವಾರ್ಷಿಕ ವರದಿಯ ಫೈಲ್ ಹಾಳಾಯಿತು. ಒಮ್ಮೆ ಎಲ್ಲ ಅಳಿಸಿ ಮಿಂಟ್ ಹೊಸದಾಗಿ ಹಾಕಿದೆ. ನಾಲ್ಕನೇ ದಿನಕ್ಕೆ ಮತ್ತೆ ಅದೇ.

ಯಂತ್ರ ತನ್ನ ಸಂದೇಶಗಳನ್ನು ಬರೆದಿಡುವ ಲಾಗ್ ನೋಡಿದರೆ ನಿಂತ ಹೊತ್ತಿನದು ಏನೂ ಇರುವುದಿಲ್ಲ. ಎಲ್ಲಿಂದ ಹುಡುಕಬೇಕು ಅಂತ ಗೊತ್ತಾಗುತ್ತಿಲ್ಲ.

ವೇಗದೂತ:

ಹದಿನೈದು ವರ್ಷದ ಯಂತ್ರ ಸರ್. ಇದರ ಹಿಂದೆ ಬಿದ್ದು ಸಮಯ ಕಳೆಯುವುದಕ್ಕಿಂತ ಸೆಕೆಂಡ್ ಹ್ಯಾಂಡ್‌ನಲ್ಲಿ ಇದಕ್ಕಿಂತ ಹೊಸ ಆಫೀಸ್ ಡೆಸ್ಕ್‌ಟಾಪ್ ತೆಗೆದುಕೊಳ್ಳಿ. ವಿದ್ಯುತ್ತೂ ಕಡಿಮೆ ತಿನ್ನುತ್ತದೆ. ನಾನು ಹಾಗೇ ಮಾಡಿದೆ.

ಸಂಪಿಗೆ:

ವೇಗದೂತ ಅವರೇ, ಅದು ನಿಮಗೆ ಸರಿಹೋಗಿರಬಹುದು. ಆದರೆ ಅವರು ಕೇಳಿದ್ದು ಏನು ಕೆಟ್ಟಿದೆ ಅಂತ. ಅದು ಗೊತ್ತಾದ ಮೇಲೆ ಇಟ್ಟುಕೊಳ್ಳಬೇಕೋ ಬಿಡಬೇಕೋ ಅವರೇ ತೀರ್ಮಾನ ಮಾಡಲಿ. 150 ರೂಪಾಯಿಯ ಕೇಬಲ್ ಕೆಟ್ಟಿದ್ದಕ್ಕೆ ಇಡೀ ಯಂತ್ರ ಗುಜರಿಗೆ ಹಾಕಿದವರನ್ನು ನಾನು ನೋಡಿದ್ದೇನೆ.

ಅಡಿಕೆತೋಟ ಸರ್, ನೀವು ಲಕ್ಷಣಗಳನ್ನು ತುಂಬಾ ಚೆನ್ನಾಗಿ ಗಮನಿಸಿದ್ದೀರಿ. ಉತ್ತರದ ಅರ್ಧ ಅದರಲ್ಲೇ ಇದೆ. ಹ್ಯಾಂಗ್ ಅನ್ನುವ ಒಂದೇ ಪದದಲ್ಲಿ ನಾವು ಮೂರು ಬೇರೆ ಬೇರೆ ಕಾಯಿಲೆಗಳನ್ನು ತುಂಬಿಬಿಡುತ್ತೇವೆ. ಚಿತ್ರ ನಿಂತಿರಬಹುದು. ಕೀಬೋರ್ಡ್ ಮೌಸ್ ಮಾತ್ರ ನಿಂತಿರಬಹುದು. ಇಡೀ ಯಂತ್ರವೇ ನಿಂತಿರಬಹುದು. ಕಣ್ಣಿಗೆ ಮೂರೂ ಒಂದೇ ಥರ ಕಾಣುತ್ತವೆ, ಮದ್ದು ಮಾತ್ರ ಮೂರಕ್ಕೂ ಬೇರೆ. ಯಾವುದು ಅಂತ ತಿಳಿಯುವ ಮೊದಲೇ ಮಿಂಟ್ ಅಳಿಸಿ ಹಾಕಿದರೆ ಉಪಯೋಗ ಇಲ್ಲ.

ಈಗ ನಿಮ್ಮ ಲಕ್ಷಣ ನೋಡೋಣ. ಹಾಡು ಬರುತ್ತಿದೆ ಅಂದರೆ ಲಿನಕ್ಸ್‌ನ ತಿರುಳಾದ ಕರ್ನಲ್ ಬದುಕಿದೆ. ಬಾಣ ಓಡಾಡುವುದು ಯಾಕೆ ಅಂದರೆ, ಬಾಣವನ್ನು ಗ್ರಾಫಿಕ್ಸ್ ಚಿಪ್ಪು ಉಳಿದ ಚಿತ್ರದ ಮೇಲೆ ಬೇರೆಯಾಗಿಯೇ ಇಟ್ಟು ತೋರಿಸುತ್ತದೆ. ಪರದೆಯ ಚಿತ್ರ, ಮೌಸ್, ಕೀಬೋರ್ಡ್ ನೋಡಿಕೊಳ್ಳುವ ಪ್ರೋಗ್ರಾಂ ಎಕ್ಸ್ ಸರ್ವರ್. ಜೊತೆಗೆ 2016ರಲ್ಲಿ ಬಂದ ಅದರ 1.19 ಆವೃತ್ತಿಯಿಂದ ಈಚೆಗೆ ಮೌಸ್ ಕೀಬೋರ್ಡ್ ಓದುವ ಕೆಲಸಕ್ಕೆ ಬೇರೆ ಥ್ರೆಡ್ (ಪಕ್ಕದಲ್ಲೇ ನಡೆಯುವ ಕೆಲಸದ ಎಳೆ) ಇದೆ. ಹಾಗಾಗಿ ಚಿತ್ರ ಬಿಡಿಸುವ ಮುಖ್ಯ ಥ್ರೆಡ್ ಸಿಕ್ಕಿಹಾಕಿಕೊಂಡರೂ ಬಾಣ ಸರಿದಾಡುತ್ತಲೇ ಇರುತ್ತದೆ. ಕ್ಲಿಕ್ ಮಾಡಿದ್ದು ಸಾಲಿನಲ್ಲಿ ಹೋಗಿ ಕೂರುತ್ತದೆ, ಅದನ್ನು ಎತ್ತಿಕೊಳ್ಳುವವರು ಇಲ್ಲ.

ಕ್ಯಾಪ್ಸ್ ಲಾಕ್ ಬಗ್ಗೆ ಒಂದು ತಪ್ಪು ನಂಬಿಕೆ ಇದೆ. ದೀಪ ಹತ್ತದಿದ್ದರೆ ಕರ್ನಲ್ ಸತ್ತಿದೆ ಅಂತ ಎಲ್ಲರೂ ಹೇಳುತ್ತಾರೆ. ಗ್ರಾಫಿಕಲ್ ಡೆಸ್ಕ್‌ಟಾಪ್‌ನಲ್ಲಿ ಆ ದೀಪ ಹತ್ತಿಸುವುದು ಎಕ್ಸ್ ಸರ್ವರ್. ಅದು ಸಿಕ್ಕಿಕೊಂಡಿದ್ದರೆ ಕರ್ನಲ್ ಚೆನ್ನಾಗಿದ್ದರೂ ದೀಪ ಹತ್ತುವುದಿಲ್ಲ. ಕಂಟ್ರೋಲ್+ಆಲ್ಟ್+ಎಫ್3 ಕಥೆಯೂ ಅದೇ. ಆ ಕೀಲಿಯನ್ನು ಹಿಡಿದು ಕಪ್ಪು ಪರದೆಯ ಕನ್ಸೋಲ್‌ಗೆ ಬದಲಿಸುವುದೂ ಎಕ್ಸ್ ಸರ್ವರ್ ಕೆಲಸವೇ. ಆದರೆ ಕ್ಯಾಪ್ಸ್ ಲಾಕ್ ದೀಪ ತಾನಾಗಿಯೇ ಮಿಣುಕುತ್ತಿದ್ದರೆ ಅದು ಕರ್ನಲ್ ಪ್ಯಾನಿಕ್, ಅಂದರೆ ಕರ್ನಲ್ಲೇ ಕುಸಿದದ್ದು, ಆ ದಾರಿ ಬೇರೆ.

ಲಾಗ್‌ನಲ್ಲಿ ಏನೂ ಇಲ್ಲ ಅಂದಿರಿ. ಲಾಗ್ ಬರೆಯುವ ಜರ್ನಲ್ ಅನ್ನುವ ವ್ಯವಸ್ಥೆ ಸಾಮಾನ್ಯ ಸಂದೇಶಗಳನ್ನು ಡಿಸ್ಕಿಗೆ ಗಟ್ಟಿಯಾಗಿ ಬರೆಯುವುದು 5 ನಿಮಿಷಕ್ಕೊಮ್ಮೆ. ತುಂಬಾ ಗಂಭೀರವಾದದ್ದು ಮಾತ್ರ ತಕ್ಷಣ ಹೋಗುತ್ತದೆ. ನೀವು ಪವರ್ ತೆಗೆದಾಗ ಬೇಕಾದ ಸಾಲುಗಳೇ ಹೋಗಿಬಿಡುತ್ತವೆ.

ಆದ್ದರಿಂದ ಎರಡು ತಯಾರಿ ಮಾಡಿಕೊಳ್ಳಿ. ಕಮಾಂಡ್‌ಗಳನ್ನು ಓದುವ ಹಾಗೆ ಕನ್ನಡದಲ್ಲಿ ಬರೆಯುತ್ತೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ.

ಮೊದಲನೆಯದು, ಓಪನ್‌ಎಸ್‌ಎಸ್‌ಎಚ್-ಸರ್ವರ್ ಪ್ಯಾಕೇಜ್ ಹಾಕಿ. ಬೇರೆ ಯಂತ್ರದಿಂದ ಇದರೊಳಗೆ ಬಂದು ಕಮಾಂಡ್ ಕೊಡುವ ದಾರಿಗೆ ಎಸ್‌ಎಸ್‌ಎಚ್ ಅನ್ನುತ್ತಾರೆ. ಆಂಡ್ರಾಯ್ಡ್ ಫೋನಿಗೆ ಟರ್ಮಕ್ಸ್ ಅನ್ನುವ ಟರ್ಮಿನಲ್ ಆ್ಯಪ್ ಹಾಕಿ, ಅದರೊಳಗೆ ಓಪನ್‌ಎಸ್‌ಎಸ್‌ಎಚ್ ಹಾಕಿ. ಎರಡೂ ಒಂದೇ ವೈಫೈ ರೂಟರ್‌ನಲ್ಲಿ ಇರಲಿ. ಕಂಪ್ಯೂಟರ್‌ನ ಐಪಿ ವಿಳಾಸ ಒಂದು ಚೀಟಿಯಲ್ಲಿ ಬರೆದಿಡಿ, ಪರದೆ ನಿಂತ ಮೇಲೆ ಅದನ್ನು ನೋಡಲು ಆಗುವುದಿಲ್ಲ. ಫೋನಿನಿಂದ ಒಳಗೆ ಬರಲು ಆಗುತ್ತದೆಯಾ ಅಂತ ಈಗಲೇ ಪರೀಕ್ಷೆ ಮಾಡಿ.

ಎರಡನೆಯದು, ಮ್ಯಾಜಿಕ್ ಸಿಸ್‌ಆರ್‌ಕ್ಯು, ಅಂದರೆ ಕರ್ನಲ್‌ಗೇ ನೇರವಾಗಿ ಆಜ್ಞೆ ಕೊಡುವ ಕೀಲಿಗಳು. ಆಲ್ಟ್ ಮತ್ತು ಪ್ರಿಂಟ್ ಸ್ಕ್ರೀನ್ ಕೀಲಿ ಹಿಡಿದು ಆರ್, ಇ, ಐ, ಎಸ್, ಯು, ಬಿ ಒಂದೊಂದಾಗಿ ಒತ್ತಿ ಅಂತ ಎಲ್ಲ ಕಡೆ ಬರೆದಿರುತ್ತಾರೆ. ಉಬುಂಟು ಮತ್ತು ಅದರ ಮೇಲೆ ನಿಂತ ಮಿಂಟ್‌ನಲ್ಲಿ ಇದಕ್ಕೆ 176 ಅನ್ನುವ ಬೆಲೆ ಇಟ್ಟಿರುತ್ತಾರೆ. 128, 32, 16 ಕೂಡಿದರೆ 176. ಅಂದರೆ ಎಸ್, ಯು, ಬಿ ಮಾತ್ರ ನಡೆಯುತ್ತವೆ. ಆರ್, ಇ, ಐ ನಡೆಯುವುದಿಲ್ಲ. /ಇಟಿಸಿ ಒಳಗಿನ ಸಿಸ್‌ಸಿಟಿಎಲ್.ಡಿ ಫೋಲ್ಡರ್‌ನಲ್ಲಿ 10-ಮ್ಯಾಜಿಕ್-ಸಿಸ್‌ಆರ್‌ಕ್ಯು ಫೈಲ್ ತೆರೆದು 176 ಇದ್ದ ಕಡೆ 1 ಮಾಡಿ, ಒಮ್ಮೆ ರೀಸ್ಟಾರ್ಟ್ ಮಾಡಿ. ಆಗ ಆರ್ ಒತ್ತಿದರೆ ಕೀಬೋರ್ಡ್ ಎಕ್ಸ್ ಸರ್ವರ್ ಕೈಯಿಂದ ಬಿಡಿಸಿಕೊಂಡು ಕರ್ನಲ್ ಕೈಗೆ ಬರುತ್ತದೆ. ಅದಾದ ಮೇಲೆ ಕಂಟ್ರೋಲ್+ಆಲ್ಟ್+ಎಫ್3 ಕೆಲಸ ಮಾಡುವ ಸಾಧ್ಯತೆ ಇದೆ.

ಇನ್ನು ಮುಂದೆ ದಯವಿಟ್ಟು ಪವರ್ ಬಟನ್ ಒತ್ತಿ ಹಿಡಿಯಬೇಡಿ. ಬೇರೇನೂ ನಡೆಯದಿದ್ದರೆ ಆಲ್ಟ್, ಪ್ರಿಂಟ್ ಸ್ಕ್ರೀನ್ ಹಿಡಿದು ಎಸ್, ಯು, ಬಿ ಒತ್ತಿ. ನಡುವೆ ಎರಡು ಮೂರು ಸೆಕೆಂಡ್ ಬಿಡಿ. ಡಿಸ್ಕಿಗೆ ಬರೆಯಬೇಕಾದದ್ದು ಬರೆದು, ಫೈಲ್ ಸಿಸ್ಟಮ್ ಓದಲು ಮಾತ್ರ ಅಂತ ಮಾಡಿ, ಆಮೇಲೆ ರೀಬೂಟ್ ಆಗುತ್ತದೆ. ನಿಮ್ಮ ವರದಿಯ ಥರ ಫೈಲ್ ಹಾಳಾಗುವುದು ತುಂಬಾ ಕಡಿಮೆ ಆಗುತ್ತದೆ.

ರಿಪೇರಿ_ದಾವಣಗೆರೆ:

ಸಂಪಿಗೆ ಮೇಡಂ ಹೇಳಿದ್ದು ಪೂರ್ತಿ ಸರಿ. ನಾನು ಕಬ್ಬಿಣದ (ಹಾರ್ಡ್‌ವೇರ್) ಕಡೆಯವನು, ನನಗೆ ಕಂಡಿದ್ದು ಹೇಳುತ್ತೇನೆ.

ಅಣ್ಣ, ನಿಮ್ಮ ಜಿಫೋರ್ಸ್ 210 ಥರದ ಎಷ್ಟೋ ಗ್ರಾಫಿಕ್ಸ್ ಕಾರ್ಡ್‌ಗಳಲ್ಲಿ ಒಂದು ಚಿಕ್ಕ ಫ್ಯಾನ್ ಇರುತ್ತದೆ. ಮೊದಲು ನಿಲ್ಲುವುದು ಅದೇ. ಒಂದು ಸಲ ಕ್ಯಾಬಿನೆಟ್ ಬಾಗಿಲು ತೆಗೆದು ನೋಡಿ. ತಿರುಗುತ್ತಿದೆಯಾ? ಎಲ್‌ಎಂ-ಸೆನ್ಸರ್ಸ್ ಪ್ಯಾಕೇಜ್ ಹಾಕಿ ಸೆನ್ಸರ್ಸ್ ಅಂತ ಕೊಟ್ಟರೆ ನೌವೊ (ಈ ಕಾರ್ಡಿಗೆ ಲಿನಕ್ಸ್‌ನಲ್ಲೇ ಇರುವ ಡ್ರೈವರ್) ಅನ್ನುವ ಹೆಸರಿನ ಕೆಳಗೆ ಕಾರ್ಡಿನ ಬಿಸಿ ಎಷ್ಟು ಅಂತ ತೋರಿಸುತ್ತದೆ. ವಿಡಿಯೋ ಹಾಕಿ ಹತ್ತು ನಿಮಿಷ ಬಿಟ್ಟು ನೋಡಿ.

ಬೋರ್ಡ್ ಮೇಲಿನ ಕೆಪಾಸಿಟರ್‌ಗಳನ್ನೂ ಟಾರ್ಚ್ ಹಾಕಿ ನೋಡಿ. ತಲೆ ಸಪಾಟಾಗಿ ಇರಬೇಕು. ಪೂರಿ ಥರ ಉಬ್ಬಿದ್ದರೆ, ಕಂದು ಬಣ್ಣ ಸೋರಿದ್ದರೆ ಆ ಬೋರ್ಡ್ ನಂಬಬೇಡಿ. ಕೈ ಹಾಕುವ ಮೊದಲು ಪ್ಲಗ್ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿ ಉಳಿದ ಕರೆಂಟ್ ಹೋಗಲಿ. ಯಂತ್ರಕ್ಕೆ ಕರೆಂಟ್ ಕೊಡುವ ಎಸ್‌ಎಂಪಿಎಸ್ ಡಬ್ಬಿ ಮಾತ್ರ ಬಿಚ್ಚಲೇಬೇಡಿ, ಪ್ಲಗ್ ಕಿತ್ತ ಮೇಲೂ ಅದರೊಳಗೆ ಶಾಕ್ ಹೊಡೆಯುವಷ್ಟು ಇರುತ್ತದೆ.

ಇನ್ನೊಂದು. ಯಂತ್ರ ಸುಮಾರು 30 ಸೆಕೆಂಡ್ ನಿಂತು ಆಮೇಲೆ ತಾನಾಗಿಯೇ ಓಡಿದರೆ ಗ್ರಾಫಿಕ್ಸ್ ಬಿಟ್ಟು ಹಾರ್ಡ್ ಡಿಸ್ಕನ್ನು ಅನುಮಾನಿಸಿ. ಡಿಸ್ಕ್ ಉತ್ತರ ಕೊಡದಿದ್ದರೆ ಕರ್ನಲ್ ಕಾಯುವುದು 30 ಸೆಕೆಂಡ್. ಡಿಸ್ಕಿನ ಆರೋಗ್ಯ ತೋರಿಸುವ ಸ್ಮಾರ್ಟ್‌ಸಿಟಿಎಲ್ ಕೊಡುವ ಪಟ್ಟಿಯಲ್ಲಿ 199 ಸಂಖ್ಯೆಯ ಸಾಲು ಏರುತ್ತಾ ಹೋದರೆ ಸಾಟಾ ಕೇಬಲ್ ಬದಲಿಸಿ. 5 ಅಥವಾ 197 ಏರಿದರೆ ಡಿಸ್ಕೇ ಹೋಗುತ್ತಿದೆ, ಅವತ್ತೇ ಬ್ಯಾಕಪ್ ತೆಗೆಯಿರಿ.

ಅಡಿಕೆತೋಟ:

ಇಬ್ಬರಿಗೂ ತುಂಬಾ ಧನ್ಯವಾದ. ಎಸ್‌ಎಸ್‌ಎಚ್ ಹಾಕಿದೆ. ಮಗಳು ಫೋನಿನಲ್ಲಿ ಟರ್ಮಕ್ಸ್ ಸರಿಮಾಡಿಕೊಟ್ಟಳು. 176 ಅನ್ನು 1 ಮಾಡಿದೆ. ಈಗ ನಿಲ್ಲುವುದಕ್ಕೆ ಕಾಯುತ್ತಿದ್ದೇನೆ.

ಹೊಸಬ_2012:

ನನ್ನದೂ ಇಂಥದ್ದೇ, ಇಲ್ಲೇ ಕೇಳಬಹುದಾ? ಚಿಕ್ಕ ಲ್ಯಾಪ್‌ಟಾಪ್, ಸೆಲೆರಾನ್ ಎನ್2840, ಡೆಬಿಯನ್. ನನ್ನದರಲ್ಲಿ ಬಾಣವೂ ಓಡಾಡುವುದಿಲ್ಲ. ಏನೂ ಮಾಡದೆ ಸುಮ್ನೆ ಇಟ್ಟಾಗಲೇ ಜಾಸ್ತಿ ನಿಲ್ಲುತ್ತದೆ. ಫೋನಿನಿಂದ ಪಿಂಗ್ ಮಾಡಿದರೂ ಉತ್ತರ ಇಲ್ಲ. ಸಿಸ್‌ಆರ್‌ಕ್ಯು ಬಿ ಒತ್ತಿದರೂ ರೀಬೂಟ್ ಆಗಲಿಲ್ಲ.

ಸಂಪಿಗೆ:

ಇದು ಮೂರನೇ ಥರ, ಇಡೀ ಯಂತ್ರ ನಿಲ್ಲುವುದು. ಎನ್2840 ಬೇ ಟ್ರೇಲ್ ಪೀಳಿಗೆಯ ಚಿಪ್. ಈ ಪೀಳಿಗೆಗೂ ಲಿನಕ್ಸ್‌ಗೂ ನಡುವೆ ಇದೇ ಕಾಟ ವರ್ಷಗಟ್ಟಲೆ ಇತ್ತು. ಕರ್ನಲ್ ದೋಷಗಳ ದೂರು ದಾಖಲಿಸುವ ಬಗ್‌ಜಿಲ್ಲಾದಲ್ಲಿ 109051 ನಂಬರಿನ ದೂರು ಇದರದೇ. ಕೆಲಸ ಇಲ್ಲದಾಗ ಪ್ರೊಸೆಸರ್ ನಿದ್ದೆಗೆ ಜಾರುತ್ತದೆ, ಅದಕ್ಕೆ ಸಿ-ಸ್ಟೇಟ್ ಅನ್ನುತ್ತಾರೆ. ಆಳದ ನಿದ್ದೆಗೆ ಹೋದದ್ದು ವಾಪಸ್ ಏಳುವುದಿಲ್ಲ. ಸುಮ್ನೆ ಇಟ್ಟಾಗ ಜಾಸ್ತಿ ನಿಲ್ಲುತ್ತದೆ ಅಂದಿರಲ್ಲ, ಅದಕ್ಕೆ ಸರಿಯಾಗಿ ಹೊಂದುತ್ತದೆ.

ಯಂತ್ರ ಶುರುವಾಗುವಾಗ ಬರುವ ಗ್ರಬ್ ಮೆನುವಿನಲ್ಲಿ ಇ ಒತ್ತಿ, ಲಿನಕ್ಸ್ ಅಂತ ಶುರುವಾಗುವ ಸಾಲಿನ ಕೊನೆಗೆ ಇಂಟೆಲ್_ಐಡಲ್.ಮ್ಯಾಕ್ಸ್_ಸಿಸ್ಟೇಟ್=1 ಸೇರಿಸಿ ಬೂಟ್ ಮಾಡಿ. ಇದು ಆ ಒಂದು ಬೂಟಿಗೆ ಮಾತ್ರ, ಹೆದರಬೇಡಿ. ಒಂದು ವಾರ ನಿಲ್ಲದೆ ಓಡಿದರೆ ಗ್ರಬ್ ಫೈಲಿನಲ್ಲಿ ಶಾಶ್ವತವಾಗಿ ಹಾಕಿ. ಆದರೆ ಅಷ್ಟರವರೆಗೆ ಪ್ರತಿ ಸಲ ರೀಸ್ಟಾರ್ಟ್ ಮಾಡಿದಾಗ ಮರೆಯದೆ ಸೇರಿಸಬೇಕು. ಬ್ಯಾಟರಿ ಬೇಗ ಖಾಲಿ ಆಗುತ್ತದೆ, ಅದು ಇದರ ಬೆಲೆ.

ಮುಂಗಾರು:

ಹಳೇ ಯಂತ್ರ ಅಂದರೆ ಇನ್ನೊಂದು ಕಾರಣವನ್ನೂ ಹೇಳಬೇಕು, ನನಗೆ ಆರು ತಿಂಗಳು ತೊಂದರೆ ಕೊಟ್ಟದ್ದು. 2 ಜಿಬಿ ರ‍್ಯಾಮ್ ಇತ್ತು. ಬ್ರೌಸರ್‌ನಲ್ಲಿ ಐದಾರು ಟ್ಯಾಬ್ ತೆರೆದರೆ ಎಲ್ಲ ನಿಂತುಹೋಗುತ್ತಿತ್ತು. ಬಾಣ ಎಳೆದೆಳೆದು ಚೂರುಚೂರು ಸರಿಯುತ್ತಿತ್ತು. ನಾನು ಡ್ರೈವರ್ ಬದಲಿಸಿದೆ, ಕರ್ನಲ್ ಬದಲಿಸಿದೆ, ಏನು ಮಾಡಿದರೂ ಹೋಗಲಿಲ್ಲ. ಕೊನೆಗೆ ಕ್ಯಾಬಿನೆಟ್ ಮುಂದಿನ ಹಾರ್ಡ್ ಡಿಸ್ಕ್ ದೀಪ ನೋಡಿದೆ. ಆರದೆ ಉರಿಯುತ್ತಲೇ ಇತ್ತು. ಗ್ರಾಫಿಕ್ಸ್‌ಗೆ ಏನೂ ಆಗಿರಲಿಲ್ಲ, ರ‍್ಯಾಮ್ ತುಂಬಿ ಹಾರ್ಡ್ ಡಿಸ್ಕಿನ ಸ್ವಾಪ್ ಅನ್ನುವ ಬದಲಿ ಜಾಗಕ್ಕೆ ಹೋಗಿ ಬಂದು ಒದ್ದಾಡುತ್ತಿತ್ತು.

ಜಡ್‌ರ‍್ಯಾಮ್ ಹಾಕಿದೆ. ಅದು ರ‍್ಯಾಮ್‌ನ ಒಂದು ಭಾಗವನ್ನೇ ಕುಗ್ಗಿಸಿ ಸ್ವಾಪ್ ಮಾಡಿಕೊಡುತ್ತದೆ. ಉಬುಂಟು ಮಿಂಟ್‌ನಲ್ಲಿ ಪ್ಯಾಕೇಜ್ ಹೆಸರು ಜಡ್‌ರ‍್ಯಾಮ್-ಕಾನ್ಫಿಗ್, ಡೆಬಿಯನ್‌ನಲ್ಲಿ ಜಡ್‌ರ‍್ಯಾಮ್-ಟೂಲ್ಸ್. ಜೊತೆಗೆ ಅರ್ಲಿಊಮ್ ಹಾಕಿದೆ, ರ‍್ಯಾಮ್ ಪೂರ್ತಿ ಮುಗಿಯುವ ಮೊದಲೇ ಅದು ದೊಡ್ಡ ಪ್ರೋಗ್ರಾಂ ಒಂದನ್ನು ಮುಚ್ಚುತ್ತದೆ. ಒಂದು ಟ್ಯಾಬ್ ಹೋಗುತ್ತದೆ, ಯಂತ್ರ ಉಳಿಯುತ್ತದೆ. ಆಮೇಲೆ ಹಳೇ ರ‍್ಯಾಮ್ ಕಡ್ಡಿ ಒಂದು ಸಿಕ್ಕಿತು, 4 ಜಿಬಿ ಆಯ್ತು.

ಸಿಸ್‌ಆರ್‌ಕ್ಯು ಪೂರ್ತಿ ತೆರೆದಿದ್ದರೆ (176ರ ಬದಲು 1 ಮಾಡಿದ್ದರೆ) ಇಂಥ ಹೊತ್ತಿನಲ್ಲಿ ಆಲ್ಟ್, ಪ್ರಿಂಟ್ ಸ್ಕ್ರೀನ್ ಹಿಡಿದು ಎಫ್ ಒತ್ತಿ. ಕರ್ನಲ್ ತಾನೇ ಒಂದು ದೊಡ್ಡ ಪ್ರೋಗ್ರಾಂ ಮುಗಿಸುತ್ತದೆ.

ಅಡಿಕೆತೋಟ:

ಇವತ್ತು ಸಂಜೆ ನಿಂತಿತು! ಖುಷಿಯಿಂದ ಬರೆಯುತ್ತಿದ್ದೇನೆ, ಇಷ್ಟು ದಿನ ನಿಂತಾಗ ಬರುತ್ತಿದ್ದ ಸಿಟ್ಟು ಇವತ್ತು ಬರಲೇ ಇಲ್ಲ.

ಮಗಳು ಪಾಠದ ವಿಡಿಯೋ ನೋಡುತ್ತಿದ್ದಳು. ಪರದೆ ನಿಂತಿತು, ಪಾಠದ ಧ್ವನಿ ಬರುತ್ತಿತ್ತು. ಫೋನಿನಿಂದ ಎಸ್‌ಎಸ್‌ಎಚ್ ಮಾಡಿದೆ, ಆರಾಮಾಗಿ ಒಳಗೆ ಹೋಯಿತು. ಯಂತ್ರ ಪೂರ್ತಿ ಬದುಕಿತ್ತು! ಕರ್ನಲ್ ಸಂದೇಶಗಳನ್ನು ತೋರಿಸುವ ಡಿಮೆಸೇಜ್ ನೋಡಿದರೆ ನೌವೊ ಅಂತ ಶುರುವಾಗುವ ಸಾಲುಗಳು ತುಂಬಾ ಇದ್ದವು. ಕೊನೆಯ ಹತ್ತಿರ ಜಿಪಿಯು ಲಾಕಪ್ ಅಂತ ಸ್ಪಷ್ಟವಾಗಿ ಬರೆದಿತ್ತು. /ವಾರ್/ಲಾಗ್ ಒಳಗಿನ ಎಕ್ಸ್‌ಆರ್ಗ್ ಲಾಗ್‌ನಲ್ಲಿ ಇಕ್ಯು ಓವರ್‌ಫ್ಲೋಯಿಂಗ್ ಅಂತ ಇತ್ತು. ಇದೇನು?

ಸೆನ್ಸರ್ಸ್ ಕೊಟ್ಟೆ. ಕಾರ್ಡ್ ಬಿಸಿ 97 ಡಿಗ್ರಿ. ಪ್ರೊಸೆಸರ್ 51.

ಆಮೇಲೆ ಲಾಗಿನ್ ಪರದೆ ತೋರಿಸುವ ಲೈಟ್‌ಡಿಎಂಗೆ ರೀಸ್ಟಾರ್ಟ್ ಕೊಟ್ಟು ನೋಡಿದೆ, ಪರದೆ ವಾಪಸ್ ಬರಲಿಲ್ಲ. ಆದರೆ ಎಸ್‌ಎಸ್‌ಎಚ್‌ನಿಂದಲೇ ಸರಿಯಾಗಿ ರೀಬೂಟ್ ಮಾಡಲು ಆಯಿತು. ಫೈಲ್ ಯಾವುದೂ ಹಾಳಾಗಿಲ್ಲ.

ಸಂಪಿಗೆ:

ನೀವು ಮಾಡಿದ್ದು ತುಂಬಾ ಒಳ್ಳೆಯ ಕೆಲಸ. ಇಕ್ಯು ಅಂದರೆ ಈವೆಂಟ್ ಸಾಲು. ಮೌಸ್ ಸರಿಸಿದ್ದು, ಕೀಲಿ ಒತ್ತಿದ್ದು ಎಲ್ಲ ಅಲ್ಲಿ ಬಂದು ಕೂರುತ್ತದೆ. ಎಕ್ಸ್ ಸರ್ವರ್ ಗ್ರಾಫಿಕ್ಸ್ ಚಿಪ್ಪಿನ ಉತ್ತರಕ್ಕೆ ಕಾಯುತ್ತಾ ನಿಂತಿತು, ಸಾಲು ಖಾಲಿ ಆಗಲಿಲ್ಲ, ತುಂಬಿ ತುಳುಕಿತು. ಆ ಸಾಲು ನೋಡಿದವರು ಮೌಸ್ ಕೆಟ್ಟಿದೆ ಅಂದುಕೊಂಡು ಮೌಸ್ ಬದಲಿಸುತ್ತಾರೆ. ಅದು ಪರಿಣಾಮ ಅಷ್ಟೇ, ಕಾರಣ ಚಿಪ್ಪಿನ ಕಡೆ ಇದೆ.

ಲೈಟ್‌ಡಿಎಂ ರೀಸ್ಟಾರ್ಟ್ ಆದರೂ ಪರದೆ ಬಾರದಿದ್ದದ್ದಕ್ಕೂ ಅದೇ ಕಾರಣ. ಚಿಪ್ಪೇ ಸಿಕ್ಕಿಕೊಂಡಿದ್ದರೆ ಹೊಸ ಎಕ್ಸ್ ಸರ್ವರ್ ಬಂದರೂ ಕಾಯುವುದೇ.

97 ಡಿಗ್ರಿ ಅಂದರೆ ಈಗ ರಿಪೇರಿ ಅಣ್ಣನ ಕೆಲಸ.

ರಿಪೇರಿ_ದಾವಣಗೆರೆ:

ಫ್ಯಾನ್ ನಿಂತಿದೆ. ತೆಗೆದು ನೋಡಿ ಅಣ್ಣ.

ಅಡಿಕೆತೋಟ:

ನಿಂತೇ ಇದೆ. ಧೂಳು ಗಟ್ಟಿಯಾಗಿ ಕಂಬಳಿ ಥರ ಕೂತಿದೆ, ಅದರ ಮೇಲೆ ಜೇಡರ ಬಲೆ. ನಮ್ಮಲ್ಲಿ ಮಳೆಗಾಲದಲ್ಲಿ ಗೋಡೆಯೇ ಬೆವರುತ್ತದೆ, ಧೂಳು ಒದ್ದೆಯಾಗಿ ಅಂಟಿಕೊಂಡಿದೆ. ಬೆರಳಲ್ಲಿ ತಿರುಗಿಸಿದರೆ ಅರ್ಧ ಸುತ್ತು ಹೋಗಿ ನಿಲ್ಲುತ್ತದೆ. ಬೋರ್ಡ್ ಮೇಲಿನ ಕೆಪಾಸಿಟರ್ ಎಲ್ಲ ಸಪಾಟಾಗಿವೆ, ಮಗಳೂ ನಾನೂ ಇಬ್ಬರೂ ನೋಡಿದೆವು.

ಒಬ್ಬರು ಕಾರ್ಡಿನ ಕಂಪನಿಯ ಡ್ರೈವರ್ ಹಾಕಿದರೆ ಸರಿ ಹೋಗುತ್ತದೆ ಅಂದರು. ಹಾಕಲಾ?

ಸಂಪಿಗೆ:

ಬೇಡ. ಆ ಕಾರ್ಡಿಗೆ ಬರುವ ಕೊನೆಯ ಡ್ರೈವರ್ ಸರಣಿ 340. ಅದರ ಬೆಂಬಲ 2019ರ ಕೊನೆಗೆ ಮುಗಿಯಿತು. ಈಗಿನ ಕರ್ನಲ್‌ಗಳ ಜೊತೆ ಅದನ್ನು ಕೂಡಿಸಲು ಯಾರೋ ಮಾಡಿದ ತೇಪೆ ಹಚ್ಚಬೇಕು. ಪ್ರತಿ ಕರ್ನಲ್ ಅಪ್‌ಡೇಟ್‌ಗೂ ಕಪ್ಪು ಪರದೆಯ ಭಯ. ಬಿಸಿಯಾದ ಚಿಪ್ಪನ್ನು ಡ್ರೈವರ್ ಬದಲಿಸಿ ತಣ್ಣಗೆ ಮಾಡಲೂ ಆಗುವುದಿಲ್ಲ.

ನಿಮ್ಮ ಜಿ41 ಬೋರ್ಡ್‌ನಲ್ಲೇ ಗ್ರಾಫಿಕ್ಸ್ ಇದೆ. ಕಾರ್ಡ್ ತೆಗೆದು ಪಕ್ಕಕ್ಕಿಡಿ, ಮಾನಿಟರ್ ಕೇಬಲ್ಲನ್ನು ಬೋರ್ಡಿನ ವಿಜಿಎ ಕಿಂಡಿಗೆ ಹಾಕಿ. ಚಿತ್ರ ಬಾರದಿದ್ದರೆ ಬಯಾಸ್‌ಗೆ (ಬೋರ್ಡಿನ ಸೆಟ್ಟಿಂಗ್ ಪುಟಕ್ಕೆ) ಹೋಗಿ ಮೊದಲ ಡಿಸ್‌ಪ್ಲೇ ಆನ್‌ಬೋರ್ಡ್ ಅಂತ ಆರಿಸಿ. ಲಿನಕ್ಸ್‌ನ ಗ್ರಾಫಿಕ್ಸ್ ಡ್ರೈವರ್‌ಗಳ ಸಂಗ್ರಹವಾದ ಮೀಸಾದ ಹಳೇ ಕ್ಲಾಸಿಕ್ ಡ್ರೈವರ್‌ಗಳನ್ನು 2022ರಲ್ಲಿ 22.0 ಆವೃತ್ತಿಯಿಂದ ತೆಗೆದರು ನಿಜ, ಆದರೆ ಈ ಪೀಳಿಗೆಯ ಚಿಪ್‌ಗಳಿಗೆ ಕ್ರೋಕಸ್ ಅನ್ನುವ ಹೊಸ ಡ್ರೈವರ್ ಇದೆ. ಮಿಂಟ್ 21.3ರಲ್ಲಿ ತಾನಾಗಿಯೇ ಬರುತ್ತದೆ. ನೀವು ಏನೂ ಹಾಕಬೇಕಿಲ್ಲ. ವಿಡಿಯೋ 480ರಲ್ಲಿ ನೋಡಿ, ಈ ಪ್ರೊಸೆಸರ್‌ಗೆ ಅದು ಹಗುರ.

ಬೇಕಿದ್ದರೆ ವಿಂಡೋ ಮ್ಯಾನೇಜರ್ ಟ್ವೀಕ್ಸ್ ಒಳಗೆ ಕಾಂಪೊಸಿಟರ್ ಆಫ್ ಮಾಡಿ. ನೆರಳು, ಪಾರದರ್ಶಕ ಅಂಚು ಹೋಗುತ್ತವೆ. ಚಿಪ್ಪಿಗೆ ಸ್ವಲ್ಪ ಉಸಿರಾಡಲು ಜಾಗ ಸಿಗುತ್ತದೆ.

ಕವಿತೆಪ್ರಿಯ:

ನನ್ನ ಪ್ರಶ್ನೆ ಸ್ವಲ್ಪ ಬೇರೆ. ಪರದೆ ಚೆನ್ನಾಗಿದೆ, ಮೌಸ್ ಕ್ಲಿಕ್ ಆಗುತ್ತದೆ. ಕೀಬೋರ್ಡ್ ಮಾತ್ರ ನಿಲ್ಲುತ್ತದೆ. ಕನ್ನಡ ಟೈಪ್ ಮಾಡುವಾಗಲೇ ಇದು ಆಗುವುದು. ಕನ್ನಡ ಮೂಡಿಸುವ ಐಬಸ್ ಪ್ರೋಗ್ರಾಂನಲ್ಲಿ ಕೆಜಿಪಿ (ಕನ್ನಡ ಗಣಕ ಪರಿಷತ್ತಿನ) ಕೀಲಿ ವಿನ್ಯಾಸ ಬಳಸುತ್ತೇನೆ. ಆಮೇಲೆ ಇಂಗ್ಲಿಷ್ ಅಕ್ಷರವೂ ಮೂಡುವುದಿಲ್ಲ. ಕೀಬೋರ್ಡ್ ಎರಡು ಬದಲಿಸಿದೆ.

ಸಂಪಿಗೆ:

ಅಯ್ಯೋ, ಕೀಬೋರ್ಡ್‌ಗಳ ತಪ್ಪಲ್ಲ ಅದು! ನೀವು ಒತ್ತಿದ ಕೀಲಿ ಮೊದಲು ಐಬಸ್‌ಗೆ ಹೋಗಿ, ಅಲ್ಲಿ ಅಕ್ಷರವಾಗಿ, ಆಮೇಲೆ ನಿಮ್ಮ ಪ್ರೋಗ್ರಾಂಗೆ ಬರುತ್ತದೆ. ಐಬಸ್ ನಡುವೆ ಸಿಕ್ಕಿಕೊಂಡರೆ ಯಾವ ಅಕ್ಷರವೂ ತಲುಪುವುದಿಲ್ಲ. ಪರೀಕ್ಷೆ ಸುಲಭ. ನಿಂತಾಗ ಕಂಟ್ರೋಲ್+ಆಲ್ಟ್+ಟಿ ಒತ್ತಿ. ಟರ್ಮಿನಲ್ ತೆರೆದುಕೊಂಡರೆ ಕೀಬೋರ್ಡ್ ಚೆನ್ನಾಗಿದೆ, ಯಾಕೆಂದರೆ ಆ ಶಾರ್ಟ್‌ಕಟ್ ಐಬಸ್ ದಾರಿಯಲ್ಲಿ ಹೋಗುವುದಿಲ್ಲ.

ಸರಿಮಾಡಲು ಐಬಸ್ ರೀಸ್ಟಾರ್ಟ್ ಅನ್ನುವ ಕಮಾಂಡ್ ಸಾಕು. ಅದಕ್ಕೂ ಬಗ್ಗದಿದ್ದರೆ ಐಬಸ್-ಡೀಮನ್ -ಡಿಆರ್‌ಎಕ್ಸ್, ಅದು ಹಳೆಯದನ್ನು ತೆಗೆದು ಹೊಸದನ್ನು ಓಡಿಸುತ್ತದೆ. ಆದರೆ ಟೈಪ್ ಆಗದಿರುವಾಗ ಕಮಾಂಡ್ ಹೊಡೆಯುವುದು ಹೇಗೆ ಅಲ್ವಾ? ಅದಕ್ಕೆ ಈಗಲೇ ಪ್ಯಾನಲ್ ಮೇಲೆ ಆ ಕಮಾಂಡ್‌ಗೆ ಒಂದು ಲಾಂಚರ್ ಮಾಡಿಟ್ಟುಕೊಳ್ಳಿ, ಮೌಸ್‌ನಲ್ಲಿ ಒತ್ತಿದರೆ ಆಯ್ತು. ನಾನು ಕನ್ನಡ ಬರೆಯುವ ಪ್ರತಿ ಯಂತ್ರದಲ್ಲೂ ಇದನ್ನು ಇಟ್ಟಿದ್ದೇನೆ.

ಮುಂಗಾರು:

ಇದಕ್ಕೆ ಒಂದು ಸೇರಿಸುತ್ತೇನೆ. ಶಿಫ್ಟ್ ಕೀಲಿಯನ್ನು 8 ಸೆಕೆಂಡ್ ಹಿಡಿದರೆ ಸ್ಲೋ ಕೀಸ್ ಅನ್ನುವ ಸೌಲಭ್ಯ ಶುರುವಾಗಬಹುದು. ಕೈ ನಡುಗುವವರಿಗೆ ಸಹಾಯವಾಗಲಿ ಅಂತ ಇರುವುದು ಅದು. ಆಮೇಲೆ ಕೀಲಿಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಮಾತ್ರ ಅಕ್ಷರ ಬರುತ್ತದೆ, ಬೇಗ ಬೇಗ ಹೊಡೆದರೆ ಏನೂ ಬರುವುದಿಲ್ಲ. ಒತ್ತಕ್ಷರ ಹುಡುಕುತ್ತಾ ಶಿಫ್ಟ್ ಮೇಲೆ ಬೆರಳು ಇಟ್ಟುಕೊಂಡು ಯೋಚಿಸುವ ಅಭ್ಯಾಸ ನಮ್ಮಪ್ಪನಿಗೆ ಇತ್ತು, ಅವರಿಗೆ ಪದೇ ಪದೇ ಆಗುತ್ತಿತ್ತು. ಮತ್ತೆ 8 ಸೆಕೆಂಡ್ ಹಿಡಿದರೆ ಹೋಗುತ್ತದೆ. ಇಲ್ಲ ಅಂದರೆ ಆಕ್ಸೆಸಿಬಿಲಿಟಿ ಸೆಟ್ಟಿಂಗ್‌ನಲ್ಲಿ ಆಫ್ ಮಾಡಿ.

ಕವಿತೆಪ್ರಿಯ:

ಕಂಟ್ರೋಲ್+ಆಲ್ಟ್+ಟಿ ಕೆಲಸ ಮಾಡಿತು. ಲಾಂಚರ್ ಒತ್ತಿದ ತಕ್ಷಣ ಕನ್ನಡ ಬಂತು. ಎರಡು ಕೀಬೋರ್ಡ್ ಸುಮ್ನೆ ಕೊಂಡೆ. ಒಂದನ್ನು ಪಕ್ಕದ ಮನೆಯ ಹುಡುಗನಿಗೆ ಕೊಡುತ್ತೇನೆ.

ಅಡಿಕೆತೋಟ:

ಕಾರ್ಡ್ ತೆಗೆದು ಹನ್ನೊಂದು ದಿನ ಆಗಿತ್ತು, ಒಮ್ಮೆಯೂ ನಿಂತಿರಲಿಲ್ಲ. ಎಲ್‌ಎಸ್‌ಪಿಸಿಐ -ಕೆ ಕೊಟ್ಟರೆ ಈಗ ಬೋರ್ಡಿನ ಗ್ರಾಫಿಕ್ಸ್‌ಗೆ ಕರ್ನಲ್ ಕಡೆಯ ಐ915 ಡ್ರೈವರ್ ತೋರಿಸುತ್ತಿದೆ. ಇಲ್ಲಿ ಬಂದು ಸಂತೋಷದಿಂದ ಹೇಳಬೇಕು ಅಂದುಕೊಂಡಿದ್ದೆ. ಆದರೆ ನಿನ್ನೆ ಮತ್ತೆ ನಿಂತಿತು.

ಈ ಸಲ ಬೇರೆ ಥರ. ಬಾಣವೂ ನಿಂತಿತು, ಕೀಬೋರ್ಡೂ ನಿಂತಿತು. ಆದರೆ ವಿಡಿಯೋ ಓಡುತ್ತಲೇ ಇತ್ತು! ಗಡಿಯಾರದ ನಿಮಿಷವೂ ಬದಲಾಗುತ್ತಿತ್ತು. ಸಿಸ್‌ಆರ್‌ಕ್ಯು ಕೂಡ ಕೆಲಸ ಮಾಡಲಿಲ್ಲ. ಮೌಸ್ ತಿರುಗಿಸಿ ನೋಡಿದರೆ ಕೆಳಗಿನ ಕೆಂಪು ದೀಪ ಆರಿತ್ತು.

ಎಸ್‌ಎಸ್‌ಎಚ್ ಮಾಡಿ ಡಿಮೆಸೇಜ್ ನೋಡಿದೆ. ಯುಎಸ್‌ಬಿ ಡಿಸ್‌ಕನೆಕ್ಟ್ ಅಂತ ಎರಡು ಸಾಲು. ಆಮೇಲೆ ಡಿವೈಸ್ ನಾಟ್ ಆಕ್ಸೆಪ್ಟಿಂಗ್ ಅಡ್ರೆಸ್, ಎರರ್ -71 ಅಂತ ಮತ್ತೆ ಮತ್ತೆ. ಪೆನ್ ಡ್ರೈವ್ ಚುಚ್ಚಿದ ಕೂಡಲೇ ಹೀಗಾಯಿತು.

ರಿಪೇರಿ_ದಾವಣಗೆರೆ:

ಅಣ್ಣ, ಮೌಸ್ ಕೀಬೋರ್ಡ್ ಎಲ್ಲಿ ಚುಚ್ಚಿದ್ದೀರಿ?

ಅಡಿಕೆತೋಟ:

ಒಂದು ಯುಎಸ್‌ಬಿ ಹಬ್ ಇದೆ, ನಾಲ್ಕು ಕಿಂಡಿಯದು. ಮೌಸ್, ಕೀಬೋರ್ಡ್, ಪೆನ್ ಡ್ರೈವ್ ಎಲ್ಲ ಅದಕ್ಕೇ. ಹಬ್ಬನ್ನು ಕ್ಯಾಬಿನೆಟ್ ಮುಂದಿನ ಕಿಂಡಿಗೆ ಚುಚ್ಚಿದ್ದೇನೆ, ಬಗ್ಗುವುದು ಬೇಡ ಅಂತ.

ರಿಪೇರಿ_ದಾವಣಗೆರೆ:

ಸಿಕ್ಕಿತು. -71 ಅಂದರೆ ಯುಎಸ್‌ಬಿ ತಂತಿಯಲ್ಲಿ ಮಾತು ಸರಿಯಾಗಿ ತಲುಪುತ್ತಿಲ್ಲ. ಬಹಳ ಸಲ ಕೇಬಲ್ ಅಥವಾ ಕರೆಂಟ್ ಸಾಲದೇ ಇರುವುದು ಕಾರಣ. ಯುಎಸ್‌ಬಿ 2ರ ಒಂದು ಕಿಂಡಿ ಕೊಡುವುದು 500 ಮಿಲಿಆಂಪ್. ಅಡಾಪ್ಟರ್ ಇಲ್ಲದ ಹಬ್ ಅಷ್ಟನ್ನೇ ಎಲ್ಲರಿಗೂ ಹಂಚಬೇಕು. ಪೆನ್ ಡ್ರೈವ್ ಒಮ್ಮೆಲೇ ಎಳೆದಾಗ ಹಬ್ಬೇ ಕುಸಿದು ಬೀಳುತ್ತದೆ, ಜೊತೆಗೆ ಮೌಸು, ಕೀಬೋರ್ಡು. ಮುಂದಿನ ಕಿಂಡಿಯಿಂದ ಬೋರ್ಡಿಗೆ ಒಳಗೊಂದು ತಂತಿ ಬೇರೆ ಹೋಗುತ್ತದೆ, ಹಳೇ ಕ್ಯಾಬಿನೆಟ್‌ನಲ್ಲಿ ಅದೂ ಸಡಿಲ ಆಗಿರುತ್ತದೆ.

ಹಬ್ ತೆಗೆಯಿರಿ. ಮೌಸನ್ನು ಹಿಂದಿನ ಕಿಂಡಿಗೆ ನೇರ ಹಾಕಿ. ನಿಮ್ಮ ಬೋರ್ಡ್ ಹಿಂದೆ ನೇರಳೆ ಬಣ್ಣದ ದುಂಡನೆಯ ಕಿಂಡಿ ಇದ್ದರೆ ಅದು ಪಿಎಸ್/2. ಹಳೇ ಪಿಎಸ್/2 ಕೀಬೋರ್ಡ್ ಗುಜರಿ ಅಂಗಡಿಯಲ್ಲಿ ಸಿಗುತ್ತದೆ, ಅದನ್ನು ಹಾಕಿಬಿಡಿ. ಯುಎಸ್‌ಬಿಗೆ ಏನಾದರೂ ಅದು ನಿಲ್ಲುವುದಿಲ್ಲ, ಸಿಸ್‌ಆರ್‌ಕ್ಯು ಒತ್ತಲೂ ಆಗುತ್ತದೆ. ಆದರೆ ಪಿಎಸ್/2 ಅನ್ನು ಯಂತ್ರ ಆರಿಸಿದ ಮೇಲೆಯೇ ಚುಚ್ಚಿ, ಓಡುವಾಗ ಚುಚ್ಚಬೇಡಿ.

ಸಂಪಿಗೆ:

ನೋಡಿ, ಒಂದೇ ಡಬ್ಬಿಯಲ್ಲಿ ಎರಡು ಕಾಯಿಲೆ ಇತ್ತು. ಮೊದಲನೆಯದರಲ್ಲಿ ಚಿತ್ರ ನಿಂತು ಬಾಣ ಓಡಾಡಿತು. ಎರಡನೆಯದರಲ್ಲಿ ಬಾಣ ನಿಂತು ಚಿತ್ರ ಓಡಿತು. ಸರ್ ಇದನ್ನು ಗಮನಿಸದೆ ಮತ್ತೆ ಹ್ಯಾಂಗ್ ಆಯ್ತು ಅಂತ ಮಾತ್ರ ಬರೆದಿದ್ದರೆ ನಾವೆಲ್ಲ ಮತ್ತೆ ಗ್ರಾಫಿಕ್ಸ್ ಹಿಂದೆ ಓಡುತ್ತಿದ್ದೆವು.

ವೇಗದೂತ:

ನಾನು ಮೊದಲು ಬರೆದದ್ದು ಅವಸರದ ಮಾತಾಯಿತು. ಅಡಿಕೆತೋಟ ಸರ್, ನಮ್ಮ ಮನೆಯಲ್ಲಿ ಪಿಎಸ್/2 ಕೀಬೋರ್ಡ್ ಒಂದು ಸುಮ್ನೆ ಬಿದ್ದಿದೆ, ಚೆನ್ನಾಗಿದೆ. ವಿಳಾಸ ಮೆಸೇಜ್ ಮಾಡಿ, ಕಳಿಸುತ್ತೇನೆ.

ಹೊಸಬ_2012:

ಮ್ಯಾಕ್ಸ್_ಸಿಸ್ಟೇಟ್ ಹಾಕಿ ಒಂಬತ್ತು ದಿನ ಆಯ್ತು, ನಿಂತಿಲ್ಲ. ಇವತ್ತು ಗ್ರಬ್ ಫೈಲಿನಲ್ಲಿ ಶಾಶ್ವತವಾಗಿ ಹಾಕಿದೆ. ಬ್ಯಾಟರಿ ಮೊದಲಿಗಿಂತ ಬೇಗ ಇಳಿಯುತ್ತಿದೆ. ಪರವಾಗಿಲ್ಲ, ನಾನು ಚಾರ್ಜರ್ ಹಾಕಿಕೊಂಡೇ ಕೂರುವವನು.

ಅಡಿಕೆತೋಟ:

ವೇಗದೂತ ಸರ್ ಕಳಿಸಿದ ಕೀಬೋರ್ಡ್ ಬಂತು. ಹಬ್ ತೆಗೆದಿದ್ದೇನೆ. ಮೌಸ್ ಹಿಂದಿನ ಕಿಂಡಿಯಲ್ಲಿ, ಕೀಬೋರ್ಡ್ ನೇರಳೆ ಕಿಂಡಿಯಲ್ಲಿ. ಬೇಕಂತಲೇ ಮೂರು ಪೆನ್ ಡ್ರೈವ್ ಒಂದಾದ ಮೇಲೊಂದು ಚುಚ್ಚಿ ನೋಡಿದೆ, ಏನೂ ಆಗಲಿಲ್ಲ. ನಿನ್ನೆ ಮಗಳು ಎರಡು ಗಂಟೆ ಒಂದೇ ಸಮನೆ ಪಾಠ ನೋಡಿದಳು. ಸಂಘದ ವರದಿ ಮತ್ತೆ ಮೊದಲಿಂದ ಟೈಪ್ ಮಾಡಿ ಮುಗಿಸಿದೆ, ಇದೇ ಯಂತ್ರದಲ್ಲಿ.

ಇಂದು ಬೆಳಿಗ್ಗೆ ಅಪ್‌ಟೈಮ್ ನೋಡಿದರೆ 16 ದಿನ ಇತ್ತು. ಕೀಬೋರ್ಡ್ ಚುಚ್ಚಲು ಆರಿಸಿದ ಮೇಲೆ ಇನ್ನೊಮ್ಮೆ ಆರಿಸಿಲ್ಲ. ತೆಗೆದಿಟ್ಟ ಕಾರ್ಡಿನ ಫ್ಯಾನ್ ಮಾತ್ರ ಬೇರೆ ಸಿಗುತ್ತದೆಯಾ ಅಂತ ರಿಪೇರಿ ಅಣ್ಣನನ್ನು ಕೇಳಬೇಕು, ಈಗ ಅವಸರ ಇಲ್ಲ.

ರಿಪೇರಿ_ದಾವಣಗೆರೆ:

ಫ್ಯಾನ್‌ನ ಎರಡು ಸ್ಕ್ರೂ ತೂತಿನ ನಡುವಿನ ಅಂತರ ಅಳೆದು ಹೇಳಿ ಅಣ್ಣ, ಅಳತೆ ಇಲ್ಲದೆ ತಂದರೆ ಕೂರುವುದಿಲ್ಲ. ತಂತಿ ಎರಡೋ ಮೂರೋ ಅಂತಲೂ ನೋಡಿ.